‘ಔಟ್ ಆಫ್ ಸ್ಟೇಷನ್’ ಅಂತ ಬರೆದೆ, ಅವರು ಸ್ಟೇಷನ್ ಹೊರಗೆ ನನ್ನನ್ನು ಹುಡುಕಿದರು

ಹೋಮ್‌ಸ್ಟೇ ಅಕ್ಕ, ಗೋಕರ್ಣ

ಮನೆ ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತೇನೆ. ಬರುವವರಲ್ಲಿ ಅರ್ಧ ಜನ ಹೊರದೇಶದವರು. ಹಾಗಾಗಿ ದಿನಾ ಇಂಗ್ಲಿಷಿನಲ್ಲಿ ಮೆಸೇಜ್ ಬರೆಯಲೇಬೇಕು. ಡಿಗ್ರಿ ಮುಗಿಸಿದ್ದೇನೆ, ನನ್ನ ಇಂಗ್ಲಿಷ್ ತೀರಾ ಕೆಟ್ಟದೇನಲ್ಲ ಅಂದುಕೊಂಡಿದ್ದೆ. ಕಳೆದ ವಾರ ಆ ಸೊಕ್ಕು ಇಳಿಯಿತು.

ಇಂಗ್ಲೆಂಡಿನ ದಂಪತಿ ರೈಲಿನಲ್ಲಿ ಬರುವವರಿದ್ದರು. ಅವತ್ತೇ ಶಿರಸಿಯ ತವರುಮನೆಯಲ್ಲಿ ಸತ್ಯನಾರಾಯಣ ಪೂಜೆ. ‘ಐ ಆಮ್ ಔಟ್ ಆಫ್ ಸ್ಟೇಷನ್. ಮೈ ಬ್ರದರ್ ವಿಲ್ ಡು ದ ನೀಡ್‌ಫುಲ್.’ ಎಂದು ಬರೆದು ಹೋದೆ. ಅವರು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಹೊರಗೆ ಬಂದು, ಮುಕ್ಕಾಲು ಗಂಟೆ ನನ್ನನ್ನು ಹುಡುಕಿದ್ದಾರೆ. ನಾನು ಸ್ಟೇಷನ್ ಹೊರಗೆ ನಿಂತಿದ್ದೇನೆ ಅಂತ ತಿಳಿದರಂತೆ! ಇತ್ತ ತಮ್ಮ ಪಾಪ ಮುರುಗಲ ಪಾನಕ ಮಾಡಿಟ್ಟುಕೊಂಡು ಮನೆಯಲ್ಲಿ ಕಾಯುತ್ತಿದ್ದ. ‘ನೀಡ್‌ಫುಲ್’ ಅಂದರೆ ಎಂತದು ಅಂತ ಅವರೂ ಅವನನ್ನು ಕೇಳಿದರಂತೆ. ಅವನಿಗೂ ಗೊತ್ತಿಲ್ಲ.

ಇದು ಸಾಲದು ಅಂತ ಬೆಂಗಳೂರಿನಲ್ಲಿರುವ ಮಗಳು ನನ್ನ ಹಳೆಯ ಮೆಸೇಜ್ ಎಲ್ಲ ಓದಿ ನಕ್ಕಳು. ‘ಆಯಿ, ನೀನು ಅತಿಥಿಗಳ ಹತ್ತಿರ ಮಾತಾಡುತ್ತಿದ್ದೀಯೋ ಜಗಳ ತೆಗೆಯುತ್ತಿದ್ದೀಯೋ?’ ಅಂದಳು. ‘ಕಮ್ ಅಟ್ ಟೂ.’ ಎಂದು ಬರೆದು ಚುಕ್ಕಿ ಇಟ್ಟಿದ್ದೆ. ಚುಕ್ಕಿ ಇಟ್ಟರೆ ಸಿಟ್ಟು ಅಂತೆ. ಶಾಲೆಯಲ್ಲಿ ಚುಕ್ಕಿ ಬಿಟ್ಟರೆ ಮಾರ್ಕು ಕಡಿತ, ಈಗ ಇಟ್ಟರೆ ಸಿಟ್ಟು. ಈ ಆನ್‌ಲೈನ್ ಇಂಗ್ಲಿಷಿನ ಒಳಮರ್ಮ ಯಾರಾದರೂ ಬಿಡಿಸಿ ಹೇಳಿ ಮಾರಾಯ್ರೆ.

ಕುಮಟಾ ಟು ಬೆಂಗಳೂರು

ಅಕ್ಕಾ, ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದರು. ಒಂದೇ ಪದದ ಉತ್ತರ, ಒಮ್ಮೆ ಚುಕ್ಕಿ ಇಟ್ಟು, ಒಮ್ಮೆ ಇಡದೆ ವಿದ್ಯಾರ್ಥಿಗಳಿಗೆ ತೋರಿಸಿದರು. ಚುಕ್ಕಿ ಇದ್ದ ಉತ್ತರ ಮನಸ್ಸಿನಿಂದ ಬಂದಿದ್ದಲ್ಲ ಅಂತ ಓದುಗರಿಗೆ ಅನಿಸಿತು. ಅದೇ ಮಾತನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಚುಕ್ಕಿಯಿಂದ ಏನೂ ವ್ಯತ್ಯಾಸ ಆಗಲಿಲ್ಲ.

ನನಗೆ ತೋಚುವ ಕಾರಣ ಇಷ್ಟೇ. ಫೋನಿನಲ್ಲಿ ‘ಕಳಿಸು’ ಒತ್ತಿದರೆ ಮಾತು ಮುಗಿಯಿತು ಅಂತ ಅರ್ಥ. ಮಾತಿನ ಸುತ್ತ ಒಂದು ಗುಳ್ಳೆಯೇ ಬಂದುಬಿಡುತ್ತದೆ. ಅದರ ಮೇಲೆ ಚುಕ್ಕಿ ಬೇರೆ ಇಟ್ಟರೆ, ಬೇಕೆಂದೇ ಇಟ್ಟ ಹಾಗಾಗುತ್ತದೆ. ಬಾಗಿಲು ಹಾಕಿದ ಮೇಲೆ ಚಿಲಕ ಬೇರೆ ಹಾಕಿದ ಹಾಗೆ. ಉದ್ದ ಮೆಸೇಜಿನಲ್ಲಿ ನಡುವೆ ಇಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂಟಿ ಪದಕ್ಕೆ ಮಾತ್ರ ಬೇಡ.

ಆಫೀಸಿನಲ್ಲಿ ‘ಓಕೆ’ಗೇ ನಾಲ್ಕೈದು ತೂಕ ಇದೆ. ಇಂಗ್ಲಿಷಿನಲ್ಲಿ ಪೂರ್ತಿಯಾಗಿ ‘ಓಕೇ’ ಅಂತ ನಾಲ್ಕಕ್ಷರ ಬರೆದರೆ ಸಹಜ. ಎರಡೇ ಅಕ್ಷರ ಆದರೆ ಕೆಲಸದ ಮಾತು. ಕೊನೆಯ ‘ಕೆ’ ಎರಡು ಸಲ ಬಂದರೆ ಸಲುಗೆ. ಬರೀ ‘ಕೆ’ ಅಂತ ಒಂದೇ ಅಕ್ಷರ ಬಂತೋ, ಅವತ್ತು ಮ್ಯಾನೇಜರ ಹತ್ತಿರ ಹೋಗಬೇಡಿ.

ನಿವೃತ್ತ ಮಾಸ್ತರು, ಶಿರಸಿ

ಪೂರ್ಣವಿರಾಮಕ್ಕೂ ಸಿಟ್ಟಿಗೂ ಗಂಟು ಹಾಕಿದ್ದು ನೋಡಿ ನಗು ಬಂತು. ಮೂವತ್ತು ವರ್ಷ ಮಕ್ಕಳಿಗೆ ಅದನ್ನು ಇಡಲು ಕಲಿಸಿದವ ನಾನು. ಹಾಗಾದರೆ ಅಷ್ಟೂ ಮಕ್ಕಳನ್ನು ಸಿಡುಕರನ್ನಾಗಿ ಮಾಡಿದೆ ಅಂತಾಯಿತು.

ಒಂದು ಮಾತು ಹೇಳಿಬಿಡುತ್ತೇನೆ. ನೀವು ನಾಲ್ಕು ತೂಕದಲ್ಲಿ ತೂಗುವ ಆ ‘ಓಕೆ’ ಹುಟ್ಟಿದ್ದೇ ತಪ್ಪು ಕಾಗುಣಿತದ ತಮಾಷೆಯಿಂದ. 1839ರ ಮಾರ್ಚ್ 23ರಂದು ಬಾಸ್ಟನ್‌ನ ಒಂದು ಪತ್ರಿಕೆ ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘ಓ’ ಮತ್ತು ‘ಕೆ’ಯಿಂದ ತಪ್ಪಾಗಿ ಬರೆದು ಅಚ್ಚು ಹಾಕಿತು. ಆಗಿನ ಹುಡುಗರಿಗೆ ಅದೊಂದು ಶೋಕಿ. ಹುಡುಗಾಟದ ಕಾಗುಣಿತ ಮೊಬೈಲಿನಿಂದ ಬಂತು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ನಾನೂ ಸೇರಿ.

ಇನ್ನು ತಂಗಿಯ ‘ಔಟ್ ಆಫ್ ಸ್ಟೇಷನ್’. ಅದು ತಪ್ಪಲ್ಲ, ಹಳತು. ಬ್ರಿಟಿಷ್ ಅಧಿಕಾರಿ ನೇಮಕವಾದ ಊರಿಗೆ ಆ ಕಾಲದಲ್ಲಿ ‘ಸ್ಟೇಷನ್’ ಅನ್ನುತ್ತಿದ್ದರು. ಅವನು ಊರು ಬಿಟ್ಟು ಹೋದರೆ ಔಟ್ ಆಫ್ ಸ್ಟೇಷನ್. ‘ಡು ದ ನೀಡ್‌ಫುಲ್’, ಅಂದರೆ ‘ಬೇಕಾದ್ದನ್ನು ಮಾಡಿ’, ಅದು ಕೂಡ ಅವರದ್ದೇ ಕಚೇರಿ ಮಾತು. ಅವರು ಹೋದರು, ಮರೆತರು. ನಾವು ಅರ್ಜಿಗಳಲ್ಲಿ ಉಳಿಸಿಕೊಂಡೆವು. ಅಜ್ಜನ ಮನೆಯ ಪಾತ್ರೆ ಮೊಮ್ಮಗನಿಗೇ ಗುರುತು ಹತ್ತಲಿಲ್ಲ, ಅಷ್ಟೆ.

ಅಂಚೆ ಅಜ್ಜ, ಅಂಕೋಲಾ

ನನ್ನ ಮೊಮ್ಮಗ ನನ್ನ ಮೆಸೇಜಿಗೆ ‘ಅಜ್ಜಾ, ಯಾಕೆ ಕೂಗುತ್ತೀರಿ’ ಅಂತ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತೇನೆ, ಅದಕ್ಕೆ. ನನಗೆ ಅದೇ ರೂಢಿ. ಅಂಚೆ ಇಲಾಖೆಯಲ್ಲಿದ್ದಾಗ ತಂತಿ, ಅಂದರೆ ಟೆಲಿಗ್ರಾಂ, ಬರೆದುಕೊಂಡು ಬೆಳೆದ ಕೈ ಇದು. ತಂತಿ ಕಳಿಸುವ ಮೋರ್ಸ್ ಸಂಕೇತದಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ತಂತಿ ಯಾವಾಗಲೂ ದೊಡ್ಡಕ್ಷರದಲ್ಲೇ.

ಪದಕ್ಕೆ ಇಷ್ಟು ಅಂತ ದುಡ್ಡು. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯಟ್ಲಿ’ ಅಂದರೆ ನಾಲ್ಕೇ ಪದ. ದಯವಿಟ್ಟು ಅಂತ ಸೇರಿಸಿದರೆ ದುಡ್ಡು ಜಾಸ್ತಿ. ಒರಟಾಗಿ ಬರೆದಿದ್ದಾರೆ ಅಂತ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮದುವೆಗೆ ಶುಭ ಹಾರೈಸಲು ಸಿದ್ಧ ವಾಕ್ಯಗಳಿದ್ದವು, ಒಂದೊಂದಕ್ಕೂ ಒಂದೊಂದು ನಂಬರು. ನಂಬರು ಹೇಳಿದರೆ ಸಾಕು, ಆ ಕಡೆ ಪೂರ್ತಿ ಹಾರೈಕೆ ಮುಟ್ಟುತ್ತಿತ್ತು. ಈಗಿನ ಹುಡುಗರು ‘ಎಲ್‌ಒಎಲ್’ ಅಂತ ಮೂರಕ್ಷರದಲ್ಲಿ ನಗುತ್ತಾರೆ ಅಂತ ಬೈಯುವವರಿಗೆ ಇದನ್ನು ಹೇಳುತ್ತಿರುತ್ತೇನೆ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ.

ಸದಾಶಿವಗಡದ ಹುಡುಗಿ

ಅಜ್ಜಾ, ನೀವು ಕೂಗಿ, ನಮಗೇನೂ ಬೇಜಾರಿಲ್ಲ 🙂

ಒಂದು ಗಮನಿಸಿದ್ದೀರಾ? ಕನ್ನಡದಲ್ಲಿ ಬರೆದು ಹೀಗೆ ಕೂಗುವುದಕ್ಕೇ ಆಗುವುದಿಲ್ಲ. ನಮಗೆ ದೊಡ್ಡಕ್ಷರವೇ ಇಲ್ಲ. ಕೂಗಬೇಕಾದರೆ ‘ಬಾರೋೋೋ’ ಅಂತ ದೀರ್ಘ ಎಳೆಯುತ್ತೇವೆ. ಅದೇ ಸರಿ ಅಲ್ವಾ? ಗಂಟಲೂ ಹಾಗೇ ಎಳೆಯುತ್ತದೆ. ಪೂರ್ಣವಿರಾಮವೂ ನಮ್ಮದಲ್ಲ. ಓಲೆಗರಿಯಲ್ಲಿ ಇದ್ದದ್ದು ಉದ್ದಗೀರಿನ ದಂಡ. ಕಾಮಾ, ಚುಕ್ಕಿ, ಪ್ರಶ್ನೆ ಗುರುತು ಎಲ್ಲ ಅಚ್ಚಿನ ಮನೆಯ ಜೊತೆ ಬಂದವು.

ನಮ್ಮ ಅಪ್ಪನ ತಲೆಮಾರಿನವರು ಮಾತು ಮಾತಿಗೂ ಮೂರು, ನಾಲ್ಕು, ಐದು ಚುಕ್ಕಿ ಸಾಲಾಗಿ ಇಡುತ್ತಾರಲ್ಲ, ಅದು ಯಾಕೆ? ‘ರೀಚ್ಡ್ ಹೋಮ್.....’ ಅಂತ ಅಪ್ಪ ಬರೆದರೆ ನನಗೆ ಎದೆ ಧಸಕ್ ಅನ್ನುತ್ತದೆ. ಮನೆ ಮುಟ್ಟಿದ ಮೇಲೆ ಏನಾಯಿತು ಅಂತ.

ನಿವೃತ್ತ ಮಾಸ್ತರು, ಶಿರಸಿ

ಅದು ಇನ್‌ಲ್ಯಾಂಡ್ ಲೆಟರಿನ ಚಾಳಿ ಮಗಳೇ. ಇದ್ದದ್ದು ಒಂದೇ ಹಾಳೆ. ಹೊಸ ಮಾತಿಗೆ ಹೊಸ ಸಾಲು ಹಿಡಿದರೆ ಜಾಗ ದಂಡ. ಅದಕ್ಕೇ ಒಂದು ಸುದ್ದಿಗೂ ಇನ್ನೊಂದು ಸುದ್ದಿಗೂ ನಡುವೆ ನಾಲ್ಕು ಚುಕ್ಕಿ. ‘ಇನ್ನೂ ಇದೆ, ಓದುತ್ತಿರು’ ಅಂತ ಅರ್ಥ. ನೀವು ಅದನ್ನು ‘ಹೇಳದೆ ಬಿಟ್ಟಿದ್ದು ಏನೋ ಇದೆ’ ಅಂತ ಓದುತ್ತೀರಿ. ಅಪ್ಪನದು ತಪ್ಪಲ್ಲ, ನಿನ್ನದೂ ತಪ್ಪಲ್ಲ. ಫೋನ್ ಮಾಡಿಬಿಡು.

ಚಾಲಿ ರಾಶಿ, ಶಿರಸಿ

ಅಡಿಕೆ, ಕಾಳುಮೆಣಸಿನ ವ್ಯಾಪಾರ ನನ್ನದು. ನನಗೆ ಭಾಷೆಗಿಂತ ಅಂಕಿಯೇ ತೊಂದರೆ ಕೊಟ್ಟಿದ್ದು. ಹೊರದೇಶದ ಒಬ್ಬರಿಗೆ ಮೆಣಸಿನ ಲೆಕ್ಕ 1,25,000/- ಎಂದು ಕಳಿಸಿದೆ. ಎರಡು ಪ್ರಶ್ನೆ ಬಂತು. ಕಾಮಾ ಜಾರಿದೆಯಾ? ಕೊನೆಗೆ ಇರುವುದು ಮೈನಸ್ ಗುರುತಾ, ಅಂದರೆ ಇದರಲ್ಲಿ ಏನಾದರೂ ಕಡಿಮೆ ಮಾಡುತ್ತೀರಾ?

ಅವರಿಗೆ ಲಕ್ಷ ಗೊತ್ತಿಲ್ಲ. ಮೂರು ಮೂರು ಅಂಕಿಗೆ ಕಾಮಾ ಹಾಕಿ 125,000 ಅಂತ ಬರೆಯುತ್ತಾರೆ. ಇನ್ನು ಕೊನೆಯ ಆ /- ಗುರುತು ಬ್ರಿಟಿಷರದ್ದೇ. ಅವರಲ್ಲಿ ಮೊದಲು ಶಿಲಿಂಗ್, ಪೆನ್ಸ್ ಇತ್ತಲ್ಲ, ಐದು ಶಿಲಿಂಗ್ ಪೂರ್ತಿ, ಪೆನ್ಸ್ ಸೊನ್ನೆ ಅನ್ನಲು 5/- ಎಂದು ಬರೆಯುತ್ತಿದ್ದರು. ನಾವು ರೂಪಾಯಿಗೆ ಅಂಟಿಸಿಕೊಂಡೆವು. ಚೆಕ್ಕಿನಲ್ಲಿ ಯಾರೂ ಹಿಂದೆ ಅಂಕಿ ಸೇರಿಸಬಾರದು ಅಂತ ಈಗಲೂ ಹಾಕುತ್ತೇವೆ. ಹೊರಗಿನವರಿಗೆ ಕಳಿಸುವಾಗ ಈಗ ಹಾಕುವುದಿಲ್ಲ. ಕಡಿಮೆ ಮಾಡುವ ಆಸೆ ಯಾಕೆ ಹುಟ್ಟಿಸಬೇಕು?

ಹೋಮ್‌ಸ್ಟೇ ಅಕ್ಕ, ಗೋಕರ್ಣ

ಎಲ್ಲರಿಗೂ ಧನ್ಯವಾದ. ಒಂದು ಸಮಾಧಾನ ಏನೆಂದರೆ, ವಿಚಿತ್ರವಾಗಿ ಬರೆಯುವುದು ನಾವು ಮಾತ್ರ ಅಲ್ಲ. ಒಬ್ಬ ರಷ್ಯನ್ ಹುಡುಗ ಪ್ರತಿ ಮೆಸೇಜಿನ ಕೊನೆಗೆ ))) ಅಂತ ಹಾಕುತ್ತಿದ್ದ. ಕೀಲಿಮಣೆ ಹಾಳಾಗಿದೆಯೋ ಏನೋ ಅಂದುಕೊಂಡೆ. ಅದು ಅವರ ನಗು ಅಂತೆ! ಕಣ್ಣು ಬಿಟ್ಟು ಬರೀ ಬಾಯಿ ಬರೆಯುತ್ತಾರೆ. ಜಾಸ್ತಿ ನಗು ಬಂದರೆ ಜಾಸ್ತಿ ಬಾಯಿ. ಫ್ರಾನ್ಸಿನವರು ಪ್ರಶ್ನೆ ಗುರುತಿನ ಮುಂಚೆ, ಆಶ್ಚರ್ಯ ಗುರುತಿನ ಮುಂಚೆ ಒಂದು ಜಾಗ ಬಿಡುತ್ತಾರೆ. ಅವರ ಭಾಷೆಯ ನಿಯಮವೇ ಹಾಗಂತೆ, ಇಂಗ್ಲಿಷ್ ಬರೆಯುವಾಗಲೂ ಕೈ ಕೇಳುವುದಿಲ್ಲ. ನಮ್ಮ ತಮ್ಮನೂ ಕಾಮಾಕ್ಕೆ ಮುಂಚೆ ಜಾಗ ಬಿಟ್ಟು ಆಮೇಲೆ ಒತ್ತಿಬಿಡುತ್ತಾನೆ. ಅವನಿಗೆ ಯಾವ ದೇಶದ ನಿಯಮವೋ.

ಕುಮಟಾ ಟು ಬೆಂಗಳೂರು

ಆ ನಗುವಿಗೂ ಒಂದು ಹುಟ್ಟುಹಬ್ಬ ಇದೆ ಅಕ್ಕಾ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ ಎಂಬವರು, ತಮಾಷೆಯ ಮಾತಿಗೆ :-) ಹಾಕಿ ಅಂತ ಸಹೋದ್ಯೋಗಿಗಳಿಗೆ ಸೂಚಿಸಿದರು. ತಮಾಷೆಯನ್ನು ನಿಜ ಅಂತ ಓದಿ ಜನ ಗಾಬರಿಯಾಗುತ್ತಿದ್ದರು, ಅದಕ್ಕೆ. ಬರಹದಲ್ಲಿ ಮುಖ ಕಾಣುವುದಿಲ್ಲ ಎಂಬ ತೊಂದರೆ ಆಗಲೇ ಇತ್ತು.

ಇನ್ನು ಈ ಮೊಟಕು ಇಂಗ್ಲಿಷ್ ಹಬ್ಬಲು ಒಂದು ಕಾರಣ ಎಸ್ಸೆಮ್ಮೆಸ್ಸು. ಒಂದು ಎಸ್ಸೆಮ್ಮೆಸ್ಸಿನಲ್ಲಿ 140 ಬೈಟ್ ಜಾಗ, ಒಂದು ಬೈಟ್ ಅಂದರೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತಿತ್ತು. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಅಂತ ಒಂದು ಪದ ಬರೆದರೆ ಆರು ಜಾಗ ಹೋಯಿತು. ಅದಕ್ಕೇ ಆಗ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಶುರು ಮಾಡಿದ್ದು. ಆಗಿನ ಬಹಳಷ್ಟು ಫೋನಿನಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ ಅನ್ನುವುದು ಬೇರೆ. ಈಗ ಎರಡೂ ತೊಂದರೆ ಇಲ್ಲ. ಚಟ ಮಾತ್ರ ಉಳಿದಿದೆ.

ಬಲೆಗಾರ, ಬೈತಖೋಲ

ಆ ಚಟದಿಂದ ನಮ್ಮ ಮನೆಯಲ್ಲಿ ಆದದ್ದು ಕೇಳಿ. ತಂಗಿಯ ನಿಶ್ಚಿತಾರ್ಥ. ಶಿರಸಿ ಕಡೆಯ ಗೆಳೆಯನಿಗೆ ಬರುವಾಗ 50 ಬಾಳೆ ತಗೊಂಡು ಬಾ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಬಿ, ಎ, ಎಲ್, ಇ. ಊಟಕ್ಕೆ ಬಾಳೆ ಎಲೆ ಬೇಕಿತ್ತು, ಅವನ ತೋಟದಲ್ಲಿ ರಾಶಿ ಇದೆ. ಅವನು ಪೇಟೆಗೆ ಹೋಗಿ 50 ಬಳೆ ತಂದ. ಹಸಿರು ಗಾಜಿನ ಬಳೆ, ಚಂದ ಕಟ್ಟಿಸಿಕೊಂಡು.

ಬೈದರೆ ಅವನ ಹತ್ತಿರ ಉತ್ತರ ಸಿದ್ಧ. ‘ಬಲೆ ಇರಲಿಕ್ಕಿಲ್ಲ, ನಿಮ್ಮ ಅಂಗಳದಲ್ಲೇ ಬಲೆ ಒಣಗುತ್ತಿರುತ್ತದೆ. ಹೆಣ್ಣಿನ ಕಾರ್ಯಕ್ಕೆ ಬಳೆಯೇ ಇರಬೇಕು ಅಂತ ತೀರ್ಮಾನ ಮಾಡಿದೆ. ಬಾಳೆ ಅಂತ ಹೊಳೆಯಲೇ ಇಲ್ಲ ಮಾರಾಯ, ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಕೊಯ್ದುಕೊಂಡು ಹೋಗುತ್ತಾರೆ.’

ನೆಂಟರು ಸ್ಟೀಲ್ ತಟ್ಟೆಯಲ್ಲಿ ಉಂಡರು. ಹೆಂಗಸರಿಗೆ ಬಳೆ ಸಿಕ್ಕಿತು, ಅವರಂತೂ ಖುಷಿ.

ಸದಾಶಿವಗಡದ ಹುಡುಗಿ

😂😂 ಇದೇ ಮುಖ 2015ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯವರ ‘ವರ್ಷದ ಪದ’ ಆಗಿತ್ತು. ಇವತ್ತು ನನಗೆ ಬೇರೆ ಪದ ಸಿಗುತ್ತಿಲ್ಲ.

ಮಾಸ್ತರೆ, ಒಂದು ಜಗಳ ಇದೆ. ‘ಕೈಂಡ್ಲಿ ರಿವರ್ಟ್’, ‘ರೆಸ್ಪೆಕ್ಟೆಡ್ ಸರ್’, ‘ಯುವರ್ ಗುಡ್ ನೇಮ್’, ‘ಕಸಿನ್ ಬ್ರದರ್’ ಇದನ್ನೆಲ್ಲ ಯಾಕೆ ಬಿಡಬಾರದು? ಕೈಂಡ್ಲಿ ಅಂತ ಕಂಡರೆ ಹೊರಗಿನವರು ಹಣ ಕೇಳುವ ಮೋಸದ ಮೇಲ್ ಅಂತ ಅನುಮಾನ ಪಡುತ್ತಾರೆ. ‘ರಿವರ್ಟ್’ ಅಂದರೆ ಅವರಿಗೆ ಮೊದಲಿನ ಸ್ಥಿತಿಗೆ ಹೋಗುವುದು, ಉತ್ತರ ಕೊಡುವುದಲ್ಲ. ‘ಮೈ ಸನ್ ಪಾಸ್ಡ್ ಔಟ್’ ಅಂತ ನಮ್ಮ ಪಕ್ಕದ ಮನೆಯವರು ಡಿಗ್ರಿ ಫೋಟೋ ಹಾಕಿದರೆ, ಹೊರಗಿನವರಿಗೆ ಹುಡುಗ ತಲೆಸುತ್ತಿ ಬಿದ್ದ ಹಾಗೆ.

ನಿವೃತ್ತ ಮಾಸ್ತರು, ಶಿರಸಿ

ರಿವರ್ಟ್, ಪಾಸ್ ಔಟ್ ಎರಡನ್ನೂ ಬಿಟ್ಟುಕೊಡುತ್ತೇನೆ. ಅಲ್ಲಿ ಅರ್ಥವೇ ತಿರುಗುತ್ತದೆ. ‘ಪ್ರಿಪೋನ್’ ಮಾತ್ರ ಬಿಡುವುದಿಲ್ಲ. ಮುಂದೂಡಲು ಒಂದು ಪದ ಇದೆ, ಹಿಂದಕ್ಕೆ ತರಲು ಇಲ್ಲ ಅಂದರೆ ಆಗುತ್ತದೆಯೇ? ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಸೇರಿದೆ.

ಉಳಿದವಕ್ಕೆ ಕಾರಣ ಬೇರೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನಮ್ಮಲ್ಲಿ ನೀನು ಇದೆ, ನೀವು ಇದೆ. ಬಾ ಇದೆ, ಬಾರೋ ಇದೆ, ಬನ್ನಿ ಇದೆ. ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಅದಕ್ಕೆ ಪ್ರತ್ಯೇಕ ಪದ ಬೇಡ. ನಾವು ‘ದಯವಿಟ್ಟು’ ಅಂತ ಮನೆಯಲ್ಲಿ ಯಾವತ್ತಾದರೂ ಅಂದಿದ್ದೇವಾ? ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಎರಡು ಇತ್ತು. ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು. ದೌ ಬಳಕೆಯಿಂದ ಹೋಯಿತು. ಈಗ ಅವರು ಮನೆ ನಾಯಿಗೂ ನೀವು ಅನ್ನುತ್ತಾರೆ.

ನಮ್ಮವನಿಗೆ ಆ ಒಂದೇ ‘ಯು’ ಸಾಲುವುದಿಲ್ಲ. ಸಾಹೇಬರಿಗೂ ಯು, ಗೆಳೆಯನಿಗೂ ಯು ಅಂದರೆ ನಾಲಿಗೆ ತಡೆಯುತ್ತದೆ. ಅದಕ್ಕೆ ಸರ್ ಹಾಕುತ್ತಾನೆ, ಕೈಂಡ್ಲಿ ಹಾಕುತ್ತಾನೆ. ಹೆಸರು ಕೇಳಲು ಗುಡ್ ಹಾಕುತ್ತಾನೆ. ಚಿಕ್ಕಪ್ಪನ ಮಗನನ್ನು ಬರೀ ಕಸಿನ್ ಅಂದರೆ ಅವನು ಅಣ್ಣನೋ ಅಕ್ಕನೋ ಗೊತ್ತಾಗುವುದಿಲ್ಲ, ಅದಕ್ಕೆ ಬ್ರದರ್. ಷಡ್ಡಕನಿಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲ, ಅದಕ್ಕೆ ‘ಕೋ ಬ್ರದರ್’. ಪತ್ರದ ಮೊದಲಿಗೆ ‘ಉಭಯ ಕುಶಲೋಪರಿ ಸಾಂಪ್ರತ’ ಬರೆದು ಬೆಳೆದ ಮನೆಯವನಿಗೆ, ಮೇಲ್ ತೆರೆದ ಕೂಡಲೇ ನೇರ ವಿಷಯಕ್ಕೆ ಇಳಿಯಲು ಸಂಕೋಚ. ಅದಕ್ಕೆ ‘ಹೋಪ್ ಯು ಆರ್ ಡೂಯಿಂಗ್ ವೆಲ್’.

ಈಗ ತಂಗಿಯ ಮೆಸೇಜಿಗೆ ಬರೋಣ. ಚುಕ್ಕಿಯದ್ದು ಸಣ್ಣ ತಪ್ಪು. ‘ಎರಡು ಗಂಟೆಗೆ ಬನ್ನಿ’ ಅಂತ ಮನಸ್ಸಿನಲ್ಲಿ ಅಂದುಕೊಂಡು ‘ಕಮ್ ಅಟ್ ಟೂ’ ಅಂತ ಬರೆದಿದ್ದಾಳೆ. ಆ ‘ಬನ್ನಿ’ಯಲ್ಲಿದ್ದ ‘ನ್ನಿ’ ಘಟ್ಟ ಇಳಿಯುವಾಗ ಎಲ್ಲೋ ಬಿದ್ದುಹೋಯಿತು. ಅವರಿಗೆ ತಲುಪಿದ್ದು ‘ಎರಡಕ್ಕೆ ಬಾ’. ಇಂಗ್ಲಿಷರು ಮರ್ಯಾದೆ ತೋರಿಸುವುದು ಮಾತು ಸುತ್ತಿ ಬಳಸಿ. ‘ಕುಡ್ ಯು’, ‘ವುಡ್ ಯು ಮೈಂಡ್’, ‘ಐ ವಾಸ್ ವಂಡರಿಂಗ್’. ಕೇಳುವುದು ಈಗ, ಆದರೆ ಕ್ರಿಯಾಪದ ಮಾತ್ರ ಭೂತಕಾಲದ್ದು. ಹಿಂದೆ ಸರಿದು ನಿಂತು ಕೇಳಿದ ಹಾಗೆ. ನಮ್ಮದು ಬಾಲದಲ್ಲಿ, ಅವರದ್ದು ತಲೆಯಲ್ಲಿ.

ಹೋಮ್‌ಸ್ಟೇ ಅಕ್ಕ, ಗೋಕರ್ಣ

ಮಾಸ್ತರೆ, ಇದು ಈಗ ತಲೆಗೆ ಹೋಯಿತು. ನಾನು ‘ಗಿವ್ ಪಾಸ್‌ಪೋರ್ಟ್’, ‘ರಿಮೂವ್ ಚಪ್ಪಲ್’, ‘ಟೇಕ್ ಬಾತ್ ಬಿಫೋರ್ ಟೆನ್’ ಅಂತೆಲ್ಲ ಬರೆದಿದ್ದೇನೆ. ನನ್ನ ಕಿವಿಯಲ್ಲಿ ಅದು ‘ಕೊಡಿ’, ‘ತೆಗೀರಿ’, ‘ಮಾಡಿ’. ಅವರಿಗೆ ನಾನು ಜೈಲಿನ ಸೂಪರಿಂಟೆಂಡೆಂಟ್ ಆಗಿ ಕಂಡಿರಬೇಕು!

ಸದಾಶಿವಗಡದ ಹುಡುಗಿ

ಸರಿ ಮಾಸ್ತರೆ, ‘ಸರ್’ ಇರಲಿ. ಆದರೆ ಕಾಲೇಜಿನಲ್ಲಿ ಒಂದೇ ವಾಕ್ಯದಲ್ಲಿ ಮೂರು ಸರ್ ಹಾಕುವವರಿದ್ದಾರೆ. ಅದು ಮರ್ಯಾದೆ ಅಲ್ಲ, ಸುಮ್ನೆ ಹೆದರಿಕೆ.

ಬಲೆಗಾರ, ಬೈತಖೋಲ

ಅಪಾಸ್ಟ್ರಫಿ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ಅದೇ, ಅಕ್ಷರದ ತಲೆ ಮೇಲಿನ ಕೊಕ್ಕೆ. ನಮ್ಮ ಕಡೆ ಹೋಟೆಲ್ ಬೋರ್ಡಿನಲ್ಲಿ ‘ಮೀಲ್ಸ್’ಗೂ ಕೊಕ್ಕೆ, ‘ಸ್ನ್ಯಾಕ್ಸ್’ಗೂ ಕೊಕ್ಕೆ. ಗಾಳಕ್ಕಿಂತ ಜಾಸ್ತಿ.

ನಿವೃತ್ತ ಮಾಸ್ತರು, ಶಿರಸಿ

ಇಂಗ್ಲೆಂಡಿನಲ್ಲೂ ಇದೇ ಕಥೆ. ತರಕಾರಿ ಅಂಗಡಿಯ ಬೋರ್ಡಿನಲ್ಲಿ ಇದು ಜಾಸ್ತಿ ಅಂತ ಅವರು ಇದಕ್ಕೆ ‘ತರಕಾರಿಯವನ ಅಪಾಸ್ಟ್ರಫಿ’ ಅಂತಲೇ ಹೆಸರಿಟ್ಟಿದ್ದಾರೆ. ಬಹುವಚನಕ್ಕೆ ಕೊಕ್ಕೆ ಬೇಡ. ಇನ್ನು ‘ಇಟ್ಸ್’. ಕೊಕ್ಕೆ ಇದ್ದರೆ ‘ಇಟ್ ಈಸ್’, ಇಲ್ಲದಿದ್ದರೆ ‘ಅದರ’. ‘ಯುವರ್’ ಕೂಡ ಹೀಗೇ. ಬಿಡಿಸಿ ಓದಿ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷರ ಮಕ್ಕಳೇ ದಿನಾ ತಪ್ಪುತ್ತಾರೆ, ನೀವು ಒಬ್ಬರೇ ಅಲ್ಲ.

ಚಾಲಿ ರಾಶಿ, ಶಿರಸಿ

ಅಕ್ಕಾ, ಒಂದು ಮುಖ್ಯ ವಿಷಯ ಬಿಟ್ಟುಹೋಗಿತ್ತು. ತಾರೀಕು ಬರೆಯುವಾಗ ಹುಷಾರು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ದಿನ ಆಮೇಲೆ. ತಾರೀಕು 12ರ ಒಳಗಿದ್ದರೆ ಎರಡೂ ಸರಿ ಅನಿಸುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. 12 ದಾಟಿದರೆ ಮಾತ್ರ ಸಿಕ್ಕಿಬೀಳುತ್ತದೆ. ಇದಕ್ಕೆಂದೇ 1988ರಿಂದ ಅಂತರರಾಷ್ಟ್ರೀಯ ಮಾನಕ ಒಂದಿದೆ, ಐಎಸ್‌ಒ 8601. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ನಮ್ಮ ಕೈಗೆ ಅದು ಬರುವುದಿಲ್ಲ. ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆದುಬಿಡಿ.

ಹೋಮ್‌ಸ್ಟೇ ಅಕ್ಕ, ಗೋಕರ್ಣ

ಅಯ್ಯೋ ದೇವರೆ. ಅಮೆರಿಕದವರದ್ದು ಒಂದು ಬುಕಿಂಗ್ ಇದೆ, 03/04 ಅಂತ. ನಾನು ಏಪ್ರಿಲ್ ಮೂರು ಅಂತ ಪಟ್ಟಿಯಲ್ಲಿ ಬರೆದು ನೆಮ್ಮದಿಯಾಗಿ ಕೂತಿದ್ದೇನೆ. ತಡೀರಿ, ಕೇಳುತ್ತೇನೆ.

ಮಾಸ್ತರು ಹೇಳಿದ ಹಾಗೆ ತಲೆಯಿಂದಲೇ ಶುರು ಮಾಡಿದೆ. ‘ಹಾಯ್, ಐ ವಾಸ್ ವಂಡರಿಂಗ್, ಕುಡ್ ಯು ಟೆಲ್ ಮೀ ದ ಮಂತ್’ ಅಂತ. ಕೊನೆಗೆ ಚುಕ್ಕಿ ಇಡಲಿಲ್ಲ, ಪ್ರಶ್ನೆ ಗುರುತು ಇಟ್ಟೆ. ಮುಂಚೆ ಜಾಗ ಬಿಡಲಿಲ್ಲ. ಒಂದು ನಗುಮುಖ, ಕಣ್ಣು ಸಮೇತ.

ಹೋಮ್‌ಸ್ಟೇ ಅಕ್ಕ, ಗೋಕರ್ಣ

ಉತ್ತರ ಬಂತು. ಮಾರ್ಚ್ ನಾಲ್ಕು. ಶಿವರಾತ್ರಿ ಗಡಿಬಿಡಿಯಲ್ಲಿ ಎರಡೂ ಕೋಣೆ ಬೇರೆಯವರಿಗೆ ಕೊಟ್ಟಾಗಿದೆ. ಪಕ್ಕದ ಮನೆಯ ಅತ್ತಿಗೆಯ ಹತ್ತಿರ ಮಾಳಿಗೆ ಕೋಣೆ ಖಾಲಿ ಇದೆಯಾ ಅಂತ ಕೇಳಿ ಬರುತ್ತೇನೆ. ಅವರಿಗೆ ಮೆಸೇಜ್ ಮಾಡಬೇಕಾಗಿಲ್ಲ, ಬೇಲಿ ಹತ್ತಿರ ನಿಂತು ಕೂಗಿದರೆ ಸಾಕು.